ಕಾವೇರಿಯ ಭುಜ, ಲಕ್ಷ್ಮವ್ವನ ಬೇಳೆ

ಕಾವೇರಿಯ ಸಂಕಟಕ್ಕೆಲ್ಲ ಮೂಲ ಒಂದು ಪ್ಲಾಸ್ಟಿಕ್ ಗೊಂಬೆ.

ಆಕೆ ಕೆಲಸ ಮಾಡುತ್ತಿದ್ದುದು ಕಲಬುರಗಿಯ ಸೂಪರ್ ಮಾರ್ಕೆಟ್ಟಿನ ಸೀರೆ ಅಂಗಡಿಯಲ್ಲಿ. ಬಾಗಿಲಲ್ಲಿ ನಿಲ್ಲುವ ಗೊಂಬೆಗೆ ಅಂಗಡಿಯವರೆಲ್ಲ ‘ಮೇಡಂ’ ಎಂದೇ ಹೆಸರಿಟ್ಟಿದ್ದರು. ಬೆಳಿಗ್ಗೆ ಮೇಡಮ್ಮನನ್ನು ಹೆಗಲ ಮೇಲೆ ಹೊತ್ತು ತಂದು ನಿಲ್ಲಿಸುವುದು, ಹೊಸ ಸೀರೆ ಉಡಿಸುವುದು, ಅಂಗಡಿ ಮುಚ್ಚುವಾಗ ಮತ್ತೆ ಹೊತ್ತು ಒಳಗೆ ಮಲಗಿಸುವುದು, ಇದೆಲ್ಲ ಕಾವೇರಿಯ ಪಾಲಿನ ಸೇವೆ. ಹೊತ್ತು ಹೊತ್ತು ಬಲಭುಜದಲ್ಲಿ ಒಂದು ನೋವು ಬಂದು ಕೂತಿತ್ತು. ಅಜ್ಜಿ ಕತೆಯ ಹುಣಸೆಮರದ ದೆವ್ವದ ಹಾಗೆ, ಏರುವುದೂ ತನ್ನಿಷ್ಟ, ಇಳಿಯುವುದೂ ತನ್ನಿಷ್ಟ.

ನೋವನ್ನಾದರೂ ಸಹಿಸಬಹುದಿತ್ತು. ಸಹಿಸಲಾಗದ್ದು ಗಿರಾಕಿಗಳ ಕಣ್ಣು. ಕಾವೇರಿ ಸೀರೆಯನ್ನು ತನ್ನ ಮೈಮೇಲೆ ಹಾಸಿ, ನೆರಿಗೆ ಹಿಡಿದು, ಸೆರಗು ಬಿಟ್ಟು ನಿಂತರೆ ಗಿರಾಕಿ ಮೂಗು ಮುರಿದು ಬಾಗಿಲ ಕಡೆ ಕೈ ತೋರಿಸುತ್ತಿದ್ದಳು.

“ಇದು ಬ್ಯಾಡ್ರಿ. ಅಕಿ ಉಟ್ಟಾಳಲ್ಲ, ಅದು ತೋರಸ್ರಿ.”

ಎರಡೂ ಒಂದೇ ಸೀರೆ. ಒಂದೇ ಬಣ್ಣ, ಒಂದೇ ಅಂಚು. ಮೇಡಮ್ಮನ ಮೈಮೇಲೆ ಅದು ಬೆಟ್ಟದ ಮೇಲಿನ ಬೆಳದಿಂಗಳಂತೆ ಇಳಿಯುತ್ತಿತ್ತು. ಕಾವೇರಿಯ ಮೈಮೇಲೆ ಹಗ್ಗಕ್ಕೆ ಒಣಹಾಕಿದಂತೆ ಜೋತುಬೀಳುತ್ತಿತ್ತು. ಜೀವವಿಲ್ಲದವಳ ಎದುರು ಜೀವವಿದ್ದವಳು ದಿನಾ ಸೋಲುವುದೆಂದರೆ ಹೇಗಾಗಬೇಡ? ಅಂಗಡಿಯ ಗೆಳತಿ ಸಬಾ ಒಂದು ದಿನ ಮೊಬೈಲಿನಲ್ಲಿ ವಿಡಿಯೋ ಒಂದನ್ನು ತೋರಿಸಿ, “ಈಗ ಎದಿ ತುಂಬಿ ಕಾಣಾಕೂ ಆಪರೇಷನ್ ಮಾಡಿ ಇಂಪ್ಲಾಂಟ್ ಹಾಕ್ತಾರ ನೋಡು” ಎಂದದ್ದೇ ನೆಪವಾಯಿತು. ಕಾವೇರಿ ಯಾರಿಗೂ ಹೇಳದೆ, ಸಿಮೆಂಟ್ ಕಾರ್ಖಾನೆಯ ಪಾಳಿಗೆ ಹೋಗಿದ್ದ ಗಂಡ ವಿಶ್ವಾಸನಿಗೂ ಹೇಳದೆ, ಜೇವರ್ಗಿ ಕಾಲೋನಿಯ ಡಾಕ್ಟರ್ ಮೆಹರೀನ್ ಅವರ ಕ್ಲಿನಿಕ್ಕಿಗೆ ಹೋಗಿ ಕೂತಳು.

ಡಾಕ್ಟರ್ ಎಲ್ಲ ಕೇಳಿದರು. ಆಮೇಲೆ ಬಲಭುಜವನ್ನು ಒತ್ತಿದರು. ಕಾವೇರಿ “ಯವ್ವಾ!” ಎಂದಳು.

“ನೋಡ್ರಿ ಕಾವೇರಿ, ಮೈ ನಿಮ್ದು, ಮನಸ್ಸೂ ನಿಮ್ದು. ನಾ ಬ್ಯಾಡ ಅನ್ನಂಗಿಲ್ಲ. ಆದ್ರ ಈ ಭುಜ ಒಲ್ಲೆ ಅನ್ನಾಕತ್ತದ.”

“ಅದಕ್ಕೇನ್ ಗೊತ್ತಾಗ್ತದ್ರಿ ಮೇಡಂ?”

“ಎದಿ ಮ್ಯಾಲ ಭಾರ ಕೂತ್ರ ಭುಜ ಮುಂದಕ್ಕ ಜಗ್ಗತದ. ಕೆಲವ್ರಿಗೆ ಏನೂ ಆಗಂಗಿಲ್ಲ. ಕೆಲವ್ರಿಗೆ ಭುಜ, ಕುತ್ತಿಗಿ, ಬೆನ್ನು ಎಲ್ಲಾ ಹಿಡಿತಾವ. ಆಪರೇಷನ್ ಆದ ಮ್ಯಾಲ ಥೋಡೆ ದಿನ ಕೈ ಮ್ಯಾಲ ಎತ್ತಾಕೂ ಆಗಂಗಿಲ್ಲ.”

“ನಂಗ ಯಾವುದು ಆಗ್ತದ್ರಿ?”

“ಅದು ನಂಗೂ ಗೊತ್ತಿಲ್ಲ. ಅದಕ್ಕೇ ಒಂದು ಪರೀಕ್ಷೆ ಮಾಡೋಣು. ಎರಡು ಸಣ್ಣ ಅರಿವಿ ಚೀಲ ಹೊಲೀರಿ. ಅಕ್ಕಿ ತುಂಬಿ, ಕುಪ್ಪಸದೊಳಗ ಎರಡೂ ಕಡಿ ಇಟ್ಕೊಂಡು ಒಂದು ಪೂರಾ ದಿನ ಇದ್ದು ನೋಡ್ರಿ. ಶುಕ್ರವಾರ ಸಂಜಿಗೆ ಹೈದರಾಬಾದಿನಿಂದ ಸರ್ಜನ್ ಬರ್ತಾರ. ನೋವು ಹೆಚ್ಚಾಯ್ತೋ ಇಲ್ಲೋ, ಅಷ್ಟು ಒಂದು ಮಾತು ಅವರಿಗೆ ಹೇಳ್ರಿ.”

ಏಳು ಸಮುದ್ರದಾಚೆಯ ಗಿಳಿ ತಾ ಅನ್ನುವ ರಾಜಕುಮಾರಿಯರ ಕತೆ ಕೇಳಿದವರಿಗೆ ಇದೇನು ಮಹಾ ಎನ್ನಿಸಬಹುದು. ಕಾವೇರಿಗೂ ಹಾಗೇ ಅನ್ನಿಸಿತು.

ಶುಕ್ರವಾರ ಅಂಗಡಿಗೆ ರಜೆ ಹಾಕಿಯಾಗಿತ್ತು. ಕಮಲಾಪುರದ ತವರಿನಲ್ಲಿ ತಮ್ಮ ಸೂಗಪ್ಪನ ಹೆಂಡತಿ ಸಪ್ನಾಳಿಗೆ ಕುಬುಸದ ಕಾರ್ಯ. ಮೊದಲ ಬಸುರಿಗೆ ಹೊಸ ಸೀರೆ, ಕುಬುಸ ಕೊಟ್ಟು ಉಡಿ ತುಂಬುವ ದಿನ. ಅತ್ತೆ ಜಯದೇವಿ ಉಡಿಗೆಂದು ಮನೆಯಲ್ಲಿದ್ದ ಅಕ್ಕಿಯನ್ನೆಲ್ಲ ಹಸನು ಮಾಡಿ ಗಂಟು ಕಟ್ಟಿಟ್ಟಿದ್ದರು. ಅಕ್ಕಿಯ ಡಬ್ಬಿಯಲ್ಲಿ ಕೈಯಾಡಿಸಿದರೆ ಕೈಗೆ ಡಬ್ಬಿಯ ತಳ ಮಾತ್ರ ಸಿಕ್ಕಿತು. ಪಕ್ಕದಲ್ಲಿ ತೊಗರಿಬೇಳೆಯ ಡಬ್ಬಿ. ಹುಳ ಬೀಳದಂತೆ ಜಯದೇವಿ ತಮ್ಮ ಕೈಯಾರೆ ಔಡಲೆಣ್ಣೆ ಸವರಿಟ್ಟ ಬೇಳೆ. ಭಾರಕ್ಕೆ ಅಕ್ಕಿಯಾದರೇನು, ಬೇಳೆಯಾದರೇನು ಎಂದು ಕಾವೇರಿ ಹಳೆಯ ಲಂಗದ ಬಟ್ಟೆಯಲ್ಲಿ ಎರಡು ಚೀಲ ಮಾಡಿ, ಬೇಳೆ ತುಂಬಿ, ಅವಸರದಲ್ಲಿ ಬಾಯಿ ಹೊಲಿದಳು.

ಸೀರೆ ಉಟ್ಟು ಕನ್ನಡಿಯ ಮುಂದೆ ನಿಂತವಳು ಹಾಗೇ ನಿಂತುಬಿಟ್ಟಳು. ಸೆರಗು ಬೆಳದಿಂಗಳಂತೆ ಇಳಿದಿತ್ತು. ಕನ್ನಡಿಯೊಳಗಿನ ಕಾವೇರಿ ಹೊರಗಿನ ಕಾವೇರಿಗೆ ‘ಆರಾಮ ಇದ್ದಿ ಏನವ್ವ?’ ಎಂದು ಕೇಳಿದಂತಾಯಿತು. ಭುಜವೇ, ಇವತ್ತೊಂದು ದಿನ ಸುಮ್ಮನಿರು ಎಂದು ಆಕೆ ಬೇಡಿಕೊಂಡಳು.

ಅಡುಗೆಮನೆಯಿಂದ ಅತ್ತೆಯ ದನಿ ಬಂತು.

“ಏ ಕಾವೇರಿ, ಬ್ಯಾಳಿ ಡಬ್ಬಿ ಯಾಕ ಹಗುರ ಆಗ್ಯದ?”

“ಇಲಿ ಇರ್ಬೇಕ್ರಿ ಅತ್ತಿ.”

“ಮುಚ್ಚಳ ತಿರುವಿ ತಗದು, ತಿಂದು, ಮತ್ತ ತಿರುವಿ ಹಾಕೋ ಇಲಿನ?”

ಕಾವೇರಿ ಚಪ್ಪಲಿ ಹುಡುಕತೊಡಗಿದಳು.

ಕಮಲಾಪುರದ ಮೇಲೆ ಹೋಗುವ ಹುಮನಾಬಾದ್ ಬಸ್ಸಿನಲ್ಲಿ ಅತ್ತೆ ಸೊಸೆಯರ ಜೊತೆ ಪಕ್ಕದ ಮನೆಯ ಭೀಮಬಾಯಿಯೂ ಇದ್ದಳು. ಆಕೆಗೂ ಕಮಲಾಪುರಕ್ಕೂ ಯಾವ ಸಂಬಂಧವೂ ಇರಲಿಲ್ಲ. ಆದರೆ ಹೋಳಿಗೆಯಿದ್ದಲ್ಲಿ ಸಂಬಂಧ ತಾನೇ ಹುಟ್ಟುತ್ತದೆ ಎಂಬುದು ಆಕೆಯ ನಂಬಿಕೆ. ಭೀಮಬಾಯಿ ಕಾವೇರಿಯನ್ನು ಅಡಿಯಿಂದ ಮುಡಿಯವರೆಗೆ ನೋಡಿದಳು. ಕಾವೇರಿಯ ಎದೆ ಡವಗುಟ್ಟಿತು. ಬೇಳೆಯೂ ಅದರ ಜೊತೆ ಕುಣಿಯಿತು.

“ಯಾಕ ತಂಗಿ, ಇಷ್ಟ್ಯಾಕ ಸೊರಗೀದಿ?” ಎಂದಳು ಭೀಮಬಾಯಿ.

ಕಾವೇರಿಗೆ ನಗಬೇಕೋ ಅಳಬೇಕೋ ತಿಳಿಯಲಿಲ್ಲ. ಒಳಗೆ ಇಷ್ಟು ಬೇಳೆ ಹೊತ್ತವಳು ಸೊರಗಿದವಳಂತೆ!

“ಭುಜ ನೋವ್ರಿ ಕಾಕಿ,” ಎಂದು ಬಾಯಿಬಿಟ್ಟದ್ದೇ ತಪ್ಪಾಯಿತು. ಮಹಾಗಾಂವ ಕ್ರಾಸ್ ಬರುವಷ್ಟರಲ್ಲಿ ಅರ್ಧ ಬಸ್ಸು ವೈದ್ಯಕೀಯಕ್ಕೆ ಇಳಿದಿತ್ತು.

“ಕಾಸಿದ ಉಪ್ಪಿನ ಗಂಟು ಇಡ್ರಿ,” ಎಂದಿತು ಮುಂದಿನ ಸೀಟು.

“ಛೇ ಛೇ, ಕಾವು ತೋರಿಸಿದ್ರ ಕೆಡ್ತದ. ತಂಪ ಬೇಕು,” ಎಂದಿತು ಹಿಂದಿನ ಸೀಟು.

“ದೃಷ್ಟಿ ಆಗ್ಯದ. ಮೆಣಸಿನಕಾಯಿ ಇಳಿ ತಗೀರಿ,” ಎಂದಳು ಮೊಮ್ಮಗುವನ್ನು ಹೊತ್ತ ಮುದುಕಿ.

“ಏನೂ ಅಲ್ಲ, ಕೀಲು ಸರದದ,” ಎಂದು ಭೀಮಬಾಯಿ ತೀರ್ಪು ಕೊಟ್ಟಳು. “ನಮ್ಮವ್ವ ಹಿಂಗ ಒಂದು ಗುದ್ದು ಹಾಕ್ತಿದ್ಲು, ಕೀಲು ತನ್ನ ಜಾಗಾಕ್ಕ ಹೋಗಿ ಕೂಡ್ತಿತ್ತು. ತಿರುಗು ಇತ್ಲಾಗ.”

“ಬ್ಯಾಡ್ರಿ ಕಾಕಿ, ಈಗ ಆರಾಮ ಅದ…”

ಮಾತು ಮುಗಿಯುವ ಮೊದಲೇ ಬಲಬೆನ್ನಿಗೆ ಗುದ್ದು ಬಿತ್ತು. ಬಸ್ಸೂ ಅದೇ ಹೊತ್ತಿಗೆ ಗುಂಡಿಗೆ ಇಳಿಯಿತು. ಕುಪ್ಪಸದೊಳಗೆ ಎಲ್ಲೋ ‘ಟಪ್’ ಎಂದು ದಾರದ ಸದ್ದು.

“ಕೇಳಿಸ್ತೇನ? ಕೀಲು ಕೂತಿತು!” ಎಂದಳು ಭೀಮಬಾಯಿ ಹೆಮ್ಮೆಯಿಂದ.

ಕಾವೇರಿಗೆ ನಿಜಕ್ಕೂ ನೋವು ಕಡಿಮೆಯಾದಂತೆನಿಸಿತು. ಮರುಗಳಿಗೆ ಹೆಚ್ಚಾದಂತೆಯೂ ಅನ್ನಿಸಿತು. ಈಗಿನ ನೋವು ಬೇಳೆಯದೋ, ಗುದ್ದಿನದೋ, ಗುಂಡಿಯದೋ? ಡಾಕ್ಟರಿಗೆ ಯಾವುದನ್ನು ಹೇಳಬೇಕು? ದಾರ ಎಲ್ಲಿ ಹರಿಯಿತು ಎಂದು ಬಸ್ಸಿನಲ್ಲಿ ನೋಡಿಕೊಳ್ಳುವಂತಿರಲಿಲ್ಲ. ಸೆರಗನ್ನು ಬಿಗಿಯಾಗಿ ಸುತ್ತಿಕೊಂಡು, ಉಸಿರನ್ನು ಅಳೆದು ಅಳೆದು ಬಿಡುತ್ತ ಕೂತಳು.

ಕಮಲಾಪುರದ ಮನೆಯಲ್ಲಿ ಕಾಲಿಡಲು ಜಾಗವಿರಲಿಲ್ಲ. ಅಂಗಳದಲ್ಲಿ ಕೆಂಪು ಬಾಳೆಹಣ್ಣಿನ ಗೊನೆಗಳು, ಒಲೆಯ ಮೇಲೆ ಹೂರಣ, ಬಾಗಿಲಲ್ಲಿ ಚಪ್ಪಲಿಗಳ ರಾಶಿ. ಕಾವೇರಿ ಮನೆಮಗಳು. ಮನೆಮಗಳಿಗೆ ಭುಜ ಇರುತ್ತದೆಯೇ ಹೊರತು ಭುಜನೋವು ಇರುವುದಿಲ್ಲ. “ಕಾವೇರಿ, ಕೊಡ ತಾ.” “ಕಾವೇರಿ, ಚಾಪಿ ಹಾಸು.” “ಅಕ್ಕಾ, ಮ್ಯಾಲಿನ ಗಂಗಾಳ ಇಳಿಸು,” ಎಂದ ತಮ್ಮ ಸೂಗಪ್ಪ. ಕೈ ಎತ್ತಿದರೆ ಭುಜ ಒಲ್ಲೆ ಎನ್ನುತ್ತಿತ್ತು, ಬಗ್ಗಿದರೆ ಬೇಳೆ ಹೊರಟೆ ಎನ್ನುತ್ತಿತ್ತು. ಎತ್ತದೆ ಬಗ್ಗದೆ ಕಂಬದ ಹಾಗೆ ನೆಟ್ಟಗೆ ಓಡಾಡುವ ಅಕ್ಕನನ್ನು ನೋಡಿ ಸೂಗಪ್ಪ, “ಅಕ್ಕಗ ಪ್ಯಾಟಿ ಸೊಕ್ಕು ಬಂದದ,” ಎಂದು ನಕ್ಕ.

ಸೀರೆ ಚೆನ್ನಾಗಿ ಕೂತಿದೆ ಎಂದು ಬೆಳಿಗ್ಗೆಯಿಂದ ಒಬ್ಬರಾದರೂ, ಒಂದೇ ಒಂದು ಮಾತಾದರೂ ಆಡಿದ್ದರೆ! ನೋಡಿದವರೆಲ್ಲ ನೋಡಿದ್ದು ಭುಜವನ್ನೇ. ಕೊನೆಗೆ ಹೊಸ ಸೀರೆ ಉಟ್ಟು ಮಣೆಯ ಮೇಲೆ ಕೂತಿದ್ದ ಬಸುರಿ ಸಪ್ನಾ ಕಣ್ಣರಳಿಸಿದಳು.

“ಅಕ್ಕಾ, ನೀ ಇವತ್ತು ಏನೋ ಬ್ಯಾರೆನೇ ಕಾಣಾಕತ್ತೀದಿ…”

“ಹೌದೇನ?” ಎಂದಳು ಕಾವೇರಿ, ಉಸಿರು ಬಿಗಿಹಿಡಿದು. “ಏನ್ ಬ್ಯಾರೆ?”

ಸಪ್ನಾ ಬಹಳ ಯೋಚಿಸಿದಳು. “ಪೌಡರ್ ಬದಲಿ ಮಾಡೀಯೇನು?”

ಅಷ್ಟರಲ್ಲಿ ಉಡಿ ತುಂಬಲು ಕರೆ ಬಂತು. ಮೊದಲ ಬೊಗಸೆ ಮನೆಮಗಳದ್ದೇ ಆಗಬೇಕು. ಸಪ್ನಾ ಸೆರಗು ಹರಡಿ ಕೂತಳು. ಹೆಂಗಸರು ಸುತ್ತ ನೆರೆದು ಹಾಡು ಎತ್ತಿದರು. ಕಾವೇರಿ ಬೊಗಸೆಯಲ್ಲಿ ಅಕ್ಕಿ ತುಂಬಿಕೊಂಡು, ದೇವರನ್ನು ನೆನೆದು, ನಿಧಾನ, ಬಹಳ ನಿಧಾನವಾಗಿ ಬಗ್ಗಿದಳು.

ಬಿಳಿಯ ಅಕ್ಕಿ ಉಡಿಗೆ ಬಿತ್ತು. ಹಿಂದೆಯೇ ಹಳದಿ ಬೇಳೆ ಬಿತ್ತು.

ಅಕ್ಕಿ ನಿಂತಿತು. ಬೇಳೆ ನಿಲ್ಲಲಿಲ್ಲ. ಸೆರಗಿನ ಕೆಳಗಿಂದ ಜುಳುಜುಳು ಎಂದು ಹಳದಿ ಝರಿಯೊಂದು ಇಳಿಯುತ್ತಲೇ ಇತ್ತು. ಕೈ ಖಾಲಿ, ಆದರೂ ಕಾಳು ಬೀಳುತ್ತಿದೆ! ಹಾಡು ಅರ್ಧಕ್ಕೆ ನಿಂತಿತು. ನಕ್ಕರೆ ಮುತ್ತು ಉದುರುವ ಹುಡುಗಿಯ ಕತೆಯನ್ನು ಕಾವೇರಿಯೂ ಚಿಕ್ಕಂದಿನಲ್ಲಿ ಕೇಳಿದ್ದಳು. ಆ ಹುಡುಗಿಗೆ ಎಷ್ಟು ನಾಚಿಕೆಯಾಗಿರಬೇಕು ಎಂಬುದು ಮಾತ್ರ ಆಕೆಗೆ ಈಗ ಹೊಳೆಯಿತು. ನೆಟ್ಟಗಾಗಲು ಹೋದರೆ ಭುಜ ಹಿಡಿದುಕೊಂಡಿತು. ಬಗ್ಗಿದ್ದವಳು ಬಗ್ಗಿದಂತೆಯೇ ಗಡಗಡ ನಡುಗತೊಡಗಿದಳು. ನಡುಗಿದಷ್ಟೂ ಬೇಳೆ.

ಭೀಮಬಾಯಿ ಬಾಯಿ ತೆರೆದಳು. “ಏನಿದು, ಕುಪ್ಪಸದಾಗ…”

“ಲಕ್ಷ್ಮವ್ವ ಬಂದಾಳ!”

ಕೂಗಿದವರು ಜಯದೇವಿ. ಗುಂಪನ್ನು ಸೀಳಿ ಬಂದು, ಎರಡು ಕೈ ಜೋಡಿಸಿ, ಕಣ್ಣು ಮುಚ್ಚಿ ನಿಂತಿದ್ದರು. “ಶುಕ್ರವಾರ ಅದ, ಉಡಿ ತುಂಬೋ ಹೊತ್ತು ಅದ, ಅವ್ವ ನನ್ನ ಸೊಸಿ ಮೈಯಾಗ ಬಂದು ಕಾಳು ಸುರಿಸಾಕತ್ತಾಳ! ಉಡಿ ಒಡ್ಡ್ರೇ, ಏನ್ ನೋಡ್ತೀರಿ!”

ಅಷ್ಟೇ ಸಾಕಾಯಿತು. ಮನೆ ತುಂಬ ಸೆರಗುಗಳು ಹರಡಿದವು. “ನಂಗೊಂದು ಕಾಳು ಹಾಕವ್ವ.” “ನನ್ನ ಮಗಳಿಗೆ ವರ ನೋಡಾಕತ್ತೀವಿ, ನಮ್ಮ ಕಡಿ ಒಂಚೂರು ಬಗ್ಗು ತಾಯಿ.” ಬೇಕೋ ಬೇಡವೋ, ಹೆಂಗಸರು ಹಿಡಿದು ತಿರುಗಿಸಿದ ಕಡೆಗೆಲ್ಲ ಕಾವೇರಿ ಬಗ್ಗಬೇಕಾಯಿತು. ಬೇಳೆ ನಿಂತಾಗ ಯಾರೋ ಅಲುಗಾಡಿಸಿದರು. ಇನ್ನೊಂದು ಚೀಲವೂ ಬಾಯಿ ಬಿಟ್ಟಿತು. ಭೀಮಬಾಯಿ ಎಲ್ಲರಿಗಿಂತ ಮುಂದೆ ನಿಂತು, “ಬೆಳಿಗ್ಗೆ ನಾನೇ ಗುದ್ದಿದ್ದು, ಅವ್ವಗ ದಾರಿ ಬಿಟ್ಟವಳು ನಾನೇ,” ಎಂದು ಹೇಳಿಕೊಳ್ಳತೊಡಗಿದಳು. ಅಂಗಳದ ಕೋಳಿಗಳು ಒಳಗೆ ನುಗ್ಗಿ ಲಕ್ಷ್ಮವ್ವನ ಪಾದದ ಬಳಿ ಭಕ್ತಿಯಿಂದ ಕುಕ್ಕಿದವು.

ಅತ್ತೆಯ ಮುಗ್ಧತೆಗೆ ಕಾವೇರಿ ಮನಸ್ಸಿನಲ್ಲೇ ಕೈ ಮುಗಿದಳು. ಪಾಪ, ಎಷ್ಟು ನಂಬಿಕೆ! ಮಾನ ಉಳಿಯಿತು.

ಊಟ ಮುಗಿಸಿ ಕಲಬುರಗಿಗೆ ಮರಳಿದ ಮೇಲೆ, ಅಂಗಡಿಗೆ ಮುಖ ತೋರಿಸಿ ಬರುತ್ತೇನೆಂದು ಹೇಳಿ ಕಾವೇರಿ ಆಟೋ ಹತ್ತಿ ಜೇವರ್ಗಿ ಕಾಲೋನಿಗೆ ಓಡಿದಳು. ಹೈದರಾಬಾದಿನ ಸರ್ಜನ್ ಬ್ಯಾಗು ಹೆಗಲಿಗೆ ಹಾಕಿಕೊಂಡು ಹೊರಟು ನಿಂತಿದ್ದರು.

“ಹೇಳ್ರಿ ಕಾವೇರಿ, ಜಲ್ದಿ,” ಎಂದರು ಡಾಕ್ಟರ್ ಮೆಹರೀನ್. “ನೋವು ಹೆಚ್ಚಾಯ್ತೋ, ಇಲ್ಲೋ?”

ದಿನವಿಡೀ ಈ ಒಂದು ಮಾತಿಗಾಗಿ ಆಕೆ ಭುಜಕ್ಕೆ ಕಿವಿಗೊಟ್ಟಿದ್ದಳು. ಈಗ ಬಾಯಿ ತೆರೆದರೆ ಎಲ್ಲ ಕಲಸಿಹೋಗಿತ್ತು.

“ಬಸ್ಸಿನಾಗ ಹೆಚ್ಚಾತ್ರಿ. ಗುದ್ದಿದ ಮ್ಯಾಲ ಕಡಿಮಿ ಆತ್ರಿ. ಕಡಿಮಿ ಆಗಿ ಮತ್ತ ಹೆಚ್ಚಾತ್ರಿ. ಲಕ್ಷ್ಮವ್ವ ಬಂದಾಗ ನೋವು ಇತ್ತೋ ಇದ್ದಿಲ್ಲೋ ನೆನಪಿಲ್ರಿ. ಈಗ ಪೂರಾ ಹಗುರ ಆಗೇದ್ರಿ!”

“ಯಾರು ಬಂದ್ರು?” ಎಂದರು ಸರ್ಜನ್.

“ಚೀಲ ತೋರಸ್ರಿ,” ಎಂದರು ಮೆಹರೀನ್.

ಕಾವೇರಿ ಪರದೆಯ ಹಿಂದೆ ಹೋಗಿ ಚೀಲಗಳನ್ನು ತಂದು ಮೇಜಿನ ಮೇಲಿಟ್ಟಳು. ಒಂದು ಕುರಿಯ ಕಿವಿಯಂತೆ ಜೋತಿತ್ತು. ಇನ್ನೊಂದರ ಮೂಲೆಯಲ್ಲಿ ನಾಲ್ಕು ಕಾಳು ಕೂತಿದ್ದವು.

ಡಾಕ್ಟರು ನಗು ತಡೆಯಲು ಕೆಮ್ಮಿದರು. “ಭಾರನೇ ಇಲ್ಲ, ಹಗುರ ಆಗದೇ ಏನಾಗ್ತದ? ಈ ಪರೀಕ್ಷೆ ಲೆಕ್ಕಕ್ಕಿಲ್ಲ. ಮುಂದಿನ ತಿಂಗಳು ಸರ್ ಬಂದಾಗ ನೋಡೋಣು. ಅದಕ್ಕೂ ಮೊದ್ಲ ಆ ಭುಜದ್ದು ಎಕ್ಸರೇ ಆಗ್ಲಿ, ನೋವು ಯಾಕಂತ ತಿಳೀಲಿ. ಅಲ್ಲೀತನ ಒಂದೇ ಮಾತು, ಭುಜದ ಮ್ಯಾಲ ಏನೂ ಹೊರಬ್ಯಾಡ್ರಿ.”

ಇರಲಿ, ‘ಆಗುವುದಿಲ್ಲ’ ಎಂದಿಲ್ಲವಲ್ಲ ಎಂದುಕೊಳ್ಳುತ್ತ ಕಾವೇರಿ ಮನೆಗೆ ಬಂದಳು. ಒಳಗೆ ಜಯದೇವಿ ನೆಲದ ಮೇಲೆ ಕೂತಿದ್ದರು. ಮುಂದೆ ಬೇಳೆಯ ಡಬ್ಬಿ, ಪಕ್ಕದಲ್ಲಿ ಸೂಜಿದಾರ.

“ಬಾಗಿಲು ಹಾಕು,” ಎಂದರು.

ಕಾವೇರಿ ಹಾಕಿದಳು.

ಜಯದೇವಿ ತಮ್ಮ ಸೆರಗಿನ ಗಂಟು ಬಿಚ್ಚಿ, ಕಮಲಾಪುರದಿಂದ ತಂದ ಪ್ರಸಾದದ ಕಾಳುಗಳನ್ನು ಸೊಸೆಯ ಮೂಗಿನ ಬಳಿ ಹಿಡಿದರು. “ಮೂಸಿ ನೋಡು. ಏನ್ ವಾಸನಿ?”

ಔಡಲೆಣ್ಣೆ.

“ಲಕ್ಷ್ಮವ್ವ ಏನು ಔಡಲೆಣ್ಣಿ ಹಚ್ಚಿ ಬ್ಯಾಳಿ ಸುರಿಸ್ತಾಳೇನ? ನನ್ನ ಕೈಯಾರ ಹಚ್ಚಿದ ಎಣ್ಣಿ ನಂಗ ಗೊತ್ತಾಗಂಗಿಲ್ಲೇನ? ಮೊದಲ್ನೇ ಕಾಳು ಬಿದ್ದಾಗೇ ತಿಳೀತು. ಆ ಭೀಮಬಾಯಿ ಬಾಯಿ ತೆರದಿದ್ಲು. ಊರ ಮಂದಿ ಮುಂದ ನನ್ನ ಸೊಸಿ ಕಳ್ಳಿ ಅನಿಸ್ಕೊಬಾರ್ದು ಅಂತ ನಾನೇ ಅವ್ವನ್ನ ಕರದೆ.”

“ಕಳ್ಳಿ?”

“ಮತ್ತೇನ? ಗಂಡನ ಮನಿ ಬ್ಯಾಳಿ ಕುಪ್ಪಸದಾಗ ಮುಚ್ಚಿಟ್ಕೊಂಡು ತವರಿಗೆ ಒಯ್ಯೋದಕ್ಕ ಏನಂತಾರ?” ಜಯದೇವಿ ಕಾಳುಗಳನ್ನು ಡಬ್ಬಿಗೆ ಸುರಿದರು. “ಒಂದು ಮಾತು ಕೇಳಿದ್ರ ನಾ ಇಲ್ಲ ಅಂತಿದ್ನೇನವ್ವ? ಅಷ್ಟು ಕೆಟ್ಟ ಅತ್ತಿನ ನಾ?”

ಮೂರು ದಾರಿ ಕೂಡುವಲ್ಲಿ ನಿಂತ ರಾಜಕುಮಾರನಿಗೆ ಒಂದಾದರೂ ಒಳ್ಳೆಯ ದಾರಿ ಇರುತ್ತದೆ. ಕಾವೇರಿಯ ಮುಂದೆ ಇದ್ದವು ಎರಡೇ. ಕಳ್ಳಿ ಎಂದು ಒಪ್ಪಿಕೊಳ್ಳುವುದು, ಇಲ್ಲವೇ ಇಂಪ್ಲಾಂಟ್ ಎಂದರೆ ಏನೆಂದು ಅತ್ತೆಗೆ ಬಿಡಿಸಿ ಹೇಳುವುದು.

“ತಪ್ಪಾತ್ರಿ ಅತ್ತಿ,” ಎಂದಳು.

ಜಯದೇವಿ ಕಣ್ಣೊರೆಸಿಕೊಂಡರು. ಸಿಟ್ಟು ಇಳಿಯಿತು. “ಹೋಗ್ಲಿ ಬಿಡು. ಈಗ ಮುಂದಿಂದು ಕೇಳು. ಕಮಲಾಪುರದ ಹೆಣ್ಮಕ್ಕಳು ಫೋನ್ ಮಾಡಿದ್ರು. ಬರೋ ಶುಕ್ರವಾರ ಉಡಿ ಒಡ್ಡಾಕ ಇಲ್ಲಿಗೇ ಬರ್ತಾರಂತ. ಭೀಮಬಾಯಿ ಆಗ್ಲೇ ಓಣಿ ತುಂಬ ಹೇಳ್ಯಾಳ. ಕಾಳು ಬೀಳ್ಲಿಲ್ಲಂದ್ರ ಇಬ್ಬರ ಮಾನನೂ ಬೀಳ್ತದ. ನಿನ್ನ ಹೊಲಿಗಿ ಕಚ್ಚಾ ಅದ, ಅದಕ್ಕ ನಾನೇ ಹೊಲದೀನಿ.”

ಅವರು ಎತ್ತಿ ತೋರಿಸಿದ ಚೀಲಗಳು ಕಾವೇರಿಯವಕ್ಕಿಂತ ದುಪ್ಪಟ್ಟು ಇದ್ದವು. ಬಾಯಿಗೆ ಎಳೆದರೆ ಬಿಚ್ಚುವ ಲಾಡಿ ಬೇರೆ. ಬೇಳೆ ತುಂಬಿ, ಸೊಸೆಯ ಎದೆಗೆ ಹಿಡಿದು, ಸೆರಗು ಸರಿಪಡಿಸಿ, ಒಂದು ಹೆಜ್ಜೆ ಹಿಂದೆ ಸರಿದು ತಲೆ ಓರೆ ಮಾಡಿ ನೋಡಿದರು.

“ಖರೇ ಹೇಳ್ತೀನಿ ಕಾವೇರಿ, ಹಿಂಗಿದ್ರ ನಿನಗ ಸೀರಿ ಭಾಳ ಛಂದ ಕೂಡ್ತದ.”

ಬೆಳಿಗ್ಗೆಯಿಂದ ಕಾದ ಮಾತು! ಕಾವೇರಿಯ ಕಣ್ಣು ತುಂಬಿ ಬಂದವು. ಅದನ್ನು ಪಶ್ಚಾತ್ತಾಪವೆಂದು ತಿಳಿದು ಜಯದೇವಿಯ ಕರುಳು ಕರಗಿತು. ಒಳಗೆ ಹೋಗಿ, ತೊಗರಿಬೇಳೆ ತುಂಬಿದ ದೊಡ್ಡ ಚೀಲವೊಂದನ್ನು ಎಳೆದು ತಂದರು.

“ಅಳಬ್ಯಾಡ ನನ್ನವ್ವ. ತವರಿಗೆ ಕೊಡೋದಿದ್ರ ಕುಪ್ಪಸದಾಗ ಯಾಕ? ನಾಳಿ ಮುಂಜಾನೆ ಮೊದಲ್ನೇ ಬಸ್ಸಿಗೆ ಹೋಗು, ಓಣಿ ಮಂದಿ ಎಲ್ಲಾ ನೋಡ್ಲಿ, ಹೆಗಲ ಮ್ಯಾಲ ಹೊತ್ಕೊಂಡು ಒಯ್ಯಿ. ಹಿಂಗ!”

ಎಂದವರೇ ಚೀಲವನ್ನು ಎತ್ತಿ ಸೊಸೆಯ ಬಲಭುಜದ ಮೇಲೆ ಪ್ರೀತಿಯಿಂದ ಇಟ್ಟರು.

ದಿನವಿಡೀ ಹೌದೋ ಅಲ್ಲವೋ ಎಂದು ಆಟವಾಡಿಸಿದ್ದ ಭುಜ ಆಗ ಎಂದಿತು: ‘ಕಟಕ್.’